ಹೊಸ ಕಂಪ್ಯೂಟರಿನ ಹಿಂದಿನ ಗ್ವಾಡಿ

ಬಾಳೇಶ,

ಬಂದ ಕೂಡ್ಲೇ ಕಂಪ್ಯೂಟರ್ ಚಾಲೂ ಮಾಡ್ತಿ, ಗೊತ್ತೈತಿ. ಮಾಡಬ್ಯಾಡ. ಮೇನ್ ಸ್ವಿಚ್ ನಾನೇ ತಗದೇನಿ, ಅದನ್ನ ಮುಟ್ಟಬ್ಯಾಡ. ಮಗ್ಗಾನೂ ಬಂದ್ ಅದಾವು.

ಇಂಟರ್ನೆಟ್ಟಿನ್ಯಾಗ ದೂರದ ವಿಜ್ಞಾನಿಗಳಿಗೆ ಪುಕ್ಕಟೆ ನಕ್ಷತ್ರದ ಲೆಕ್ಕಾ ಮಾಡಿಕೊಡಾಕ ಹೋಗಿ, ಹಗಲೂ ರಾತ್ರಿ ಓಡಿಸಿ ಹಳೇ ಕಂಪ್ಯೂಟರ್ ಸುಟ್ಟಿ ಅಂತ ನಿನಗ ಎಲ್ಲಾರೂ ಬೈದ್ವಿ. ನೀ ಹೊಸಾದು ತಂದು ಅದೇ ಜಾಗಾದಾಗ ಇಟ್ಟು ಅದೇ ಲೆಕ್ಕಾ ಹಚ್ಚಿದಿ. ಇವತ್ತ ಮತ್ತ ಅದೇ ಸುಟ್ಟ ವಾಸನಿ ಬಂತು. ವೈರ್ ಕೀಳಾಕ ಹಿಂದ ಕೈ ಹಾಕಿದ್ರ ಕಂಪ್ಯೂಟರ್ ತಣ್ಣಗಿತ್ತು, ಗ್ವಾಡಿ ಸುಡಾಕತ್ತಿತ್ತು. ಮಗ್ಗದ ವೈರ್ ಎಲ್ಲಾ ಅದರೊಳಗೇ ಹಾದು ಹೋಗ್ಯಾವು. ಗ್ವಾಡಿ ಆ ಕಡೆ ಅಪ್ಪ ನೂಲಿನ ಚೀಲ ಮಾಳಗಿ ತನಕ ಒಟ್ಟ್ಯಾನ. ಮೇನ್ ತಗದ ಮ್ಯಾಲೂ ಗ್ವಾಡಿ ಆರವಲ್ತು.

ವೈರ್‌ಮನ್ ಫೋನ್ ಎತ್ತವಲ್ಲ. ಅವನ ಊರು ಚಿಮ್ಮಡಕ್ಕ ಹೋಗಿ ಕರಕೊಂಡೇ ಬರ್ತೇನಿ. ಅಷ್ಟರಾಗ ನೀ ಚೀಲ ಅಂಗಳಕ್ಕ ಎಳಿ. ಹೊಗಿ ಕಂಡ್ರ ಎಲ್ಲಾ ಬಿಟ್ಟು ಹೊರಗ ಓಡು. ನಿನ್ನ ನಕ್ಷತ್ರದ ಲೆಕ್ಕಾ ಬ್ಯಾರೇ ಯಾರರೆ ಮಾಡ್ತಾರ.

ಅವ್ವನ್ನ ಬಾಜೂ ಶಿವಗಂಗವ್ವನ ಮನ್ಯಾಗ ಬಿಟ್ಟೇನಿ. ಹಳೇ ಕಂಪ್ಯೂಟರ್ ಸುಡೂಕಿಂತ ಮೊದಲಿಂದ ಆಕಿ ದಿನಾ ಆ ಗ್ವಾಡಿಗೆ ಬೆನ್ನು ಹಚ್ಚಿ ಕುಂಡ್ರತಿದ್ಲು. ಬೆನ್ನು ನೋವಿಗೆ ಬೆಚ್ಚಗ ಹಿತಾ ಅನಸ್ತೈತಿ ಅಂತಿದ್ಲು.

ನಾವು ನಕ್ಕಿದ್ವಿ.

ಅಕ್ಕ