ಓರೆಯಾಗಿ ನಿಂತು ಬರೆಯುವ ಟೀಚರ್

ಭಾನುವಾರ, ಸೆಪ್ಟೆಂಬರ್ ೮

ನನ್ನ ಬಂಗಾರದ ಮಗಳಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯಹೋಗಿ ಒಂದು ಗಳಿಗೆ ಪೆನ್ನು ನಿಂತಿತು. ಕೈಕಾಲು ಗಟ್ಟಿಯಾಗಿವೆ, ಆ ಮಟ್ಟಿಗೆ ಕ್ಷೇಮವೇ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾಲಿಗೆ ತೊಡರುತ್ತದೆ, ಪಕ್ಕದಲ್ಲಿ ನಿನ್ನ ಅಮ್ಮ ಬೇರೆ ಇರುತ್ತಾಳೆ. ತಮ್ಮ ಯಾಕೆ ನನ್ನ ಫೋನ್ ಎತ್ತುತ್ತಿಲ್ಲ ಎಂದು ನೀನು ಕೇಳಿದ್ದೆ. ಉತ್ತರ ನನಗೂ ಪೂರ್ತಿ ಗೊತ್ತಿಲ್ಲ.

ನಿನ್ನ ತಮ್ಮ ಬದಲಾಗಿರುವುದು ನಮಗೆ ತಿಳಿದದ್ದು ದವಡೆ ನೋವಿನಿಂದ. ನಮ್ಮ ಗುಬ್ಬಿ ಊಟಕ್ಕೆ ಕೂತರೆ ಕೆನ್ನೆ ಹಿಡಿದುಕೊಳ್ಳುತ್ತಿದ್ದ. ಹುಳುಕು ಹಲ್ಲಿರಬೇಕೆಂದು ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಏನು ಕೇಳಿದರೂ ಅವರ ಮುಖ ನೋಡದೆ ನನ್ನ ಕಡೆ ತಿರುಗಿ ಉತ್ತರ ಹೇಳುತ್ತಿದ್ದ. ನಾಚಿಕೆ ಅಂದುಕೊಂಡೆ. ಹಲ್ಲೆಲ್ಲ ಮುತ್ತಿನ ಹಾಗಿವೆ, ದವಡೆ ಮಾತ್ರ ದಣಿದಿದೆ ಎಂದರು. ದಿನಕ್ಕೆ ನಾಲ್ಕು ಗಂಟೆ ಗಟ್ಟಿ ಚೂಯಿಂಗ್ ಗಮ್ ಅಗಿಯುತ್ತಾನಂತೆ, ದವಡೆ ಅಗಲವಾಗಲಿ ಎಂದು. ದವಡೆ ಅಗಲವಿಲ್ಲದ ಕುಳ್ಳನನ್ನು ಯಾವ ಹೆಣ್ಣೂ ಲೆಕ್ಕಕ್ಕಿಡುವುದಿಲ್ಲ ಎಂದು ಫೋನಿನ ವಿಡಿಯೋದಲ್ಲಿ ಒಬ್ಬ ಹೇಳಿದ್ದಾನಂತೆ. ಮನೆಗೆ ಬಂದು ಅಮ್ಮನೂ ನಾನೂ ನಕ್ಕಿದ್ದೇ ನಕ್ಕಿದ್ದು. ನಗಬಾರದಿತ್ತು.

ಹದಿನೈದು ದಿನದ ಮೇಲೆ ಶಾಲೆಯಿಂದ ಕರೆ ಬಂತು. ಒಂಬತ್ತನೇ ತರಗತಿಯ ಹನ್ನೊಂದು ಹುಡುಗರ ತಂದೆಯರನ್ನು ಕರೆದಿದ್ದರು, ಬಂದವರು ನಾಲ್ಕು ಜನ. ಹೊಸ ವಿಜ್ಞಾನದ ಟೀಚರ್ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚುಗಳಿಂದ ಒಂದು ಥರದ ಸದ್ದು ಬರುತ್ತದಂತೆ. ಎಂಥ ಸದ್ದೆಂದು ಮಗಳಿಗೆ ನಾನು ಬರೆಯಲಾರೆ. ಅದಕ್ಕೇ ಆಕೆ ಎರಡು ತಿಂಗಳಿಂದ ಓರೆಯಾಗಿ ನಿಂತು, ಒಂದು ಕಣ್ಣು ಹುಡುಗರ ಮೇಲಿಟ್ಟೇ ಬೋರ್ಡಿನಲ್ಲಿ ಬರೆಯುತ್ತಾರೆ. ಅವರು ಗದರಿದ ದಿನ ನಮ್ಮ ಗುಬ್ಬಿಯೇ ಎದ್ದು ನಿಂತು, "ಹೆಂಗಸರ ಮಾತು ಕೇಳೋ ಗಂಡಸು ಉದ್ಧಾರ ಆಗಲ್ಲ" ಎಂದನಂತೆ. ನಿನ್ನ ಜಡೆ ಹಿಡಿದುಕೊಳ್ಳದೆ ನಿದ್ದೆ ಹೋಗದಿದ್ದ ಕೂಸು. ಹೆಡ್‌ಮಾಸ್ಟರು ಹೇಳುತ್ತಿರುವುದು ಬೇರೆ ಯಾರದೋ ಮಗನ ಸುದ್ದಿ ಎನಿಸಿತು.

ಅವರು ಯಾರನ್ನೂ ಶಾಲೆಯಿಂದ ಹೊರಗೆ ಹಾಕಲಿಲ್ಲ. ಹಾಕಿದರೆ ಆ ಫೋನಿನವನೇ ಇವರಿಗೆ ಮೇಷ್ಟ್ರಾಗುತ್ತಾನೆ ಎಂದರು. ಪ್ರತಿ ಶುಕ್ರವಾರ ಸಂಜೆ ಅಪ್ಪ ಮಕ್ಕಳು ಶಾಲೆಯಲ್ಲೇ ಒಟ್ಟಿಗೆ ಕೂತು ಆ ವಿಡಿಯೋ ನೋಡಬೇಕು, ನಡುನಡುವೆ ನಿಲ್ಲಿಸಿ ಮಾತಾಡಬೇಕು. ನೋಡಿದೆ. ಅವನು ಕಾರಿನಲ್ಲಿ ಕೂತು ಮಾತಾಡುತ್ತಾನೆ. ಬೇಗ ಏಳು, ಮೈಬಗ್ಗಿಸಿ ದುಡಿ, ಸುಳ್ಳಾಡಬೇಡ. ನಾನು ತಲೆಯಾಡಿಸುತ್ತಿದ್ದೆ. ಆಡಿಸುತ್ತಿರುವಾಗಲೇ ಅವನು, ಹೆಣ್ಣನ್ನು ಹದ್ದುಬಸ್ತಿನಲ್ಲಿ ಇಡದವನು ಗಂಡಸೇ ಅಲ್ಲ ಎನ್ನುವಲ್ಲಿಗೆ ಬಂದುಬಿಟ್ಟಿದ್ದ. ಗಾರ್ಮೆಂಟ್ಸಿನ ಮೆಷಿನ್ನಾದರೆ ಹೊಲಿಗೆ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಲ್ಲೆ, ಇಪ್ಪತ್ತೆರಡು ವರ್ಷ ಅದನ್ನೇ ರಿಪೇರಿ ಮಾಡಿದ್ದೇನೆ. ಇದನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರೂ ತಪ್ಪಿದ ಜಾಗ ಸಿಗಲಿಲ್ಲ.

ಮನೆಗೆ ನಡೆದು ಬರುವಾಗ, ಅವನಲ್ಲಿ ನಿನಗೇನು ಹಿಡಿಸಿತು ಎಂದು ಕೇಳಿದೆ.

"ನಾನು ಕುಳ್ಳ ಅಂತ ಎಲ್ಲರೂ ನಗ್ತಾರೆ. ಅವನೊಬ್ಬ ನಗಲ್ಲ" ಎಂದ.

ಅಕ್ಕನ ಫೋನ್ ಯಾಕೆ ಎತ್ತುವುದಿಲ್ಲ ಎಂದದ್ದಕ್ಕೆ, ಅಕ್ಕನ ಹತ್ತಿರ ಈಗ ಮೊದಲಿನ ಹಾಗೆ ಮಾತಾಡಲು ಆಗುವುದಿಲ್ಲ ಎಂದ. ಅದು ನಾಚಿಕೆಯೋ ಹಟವೋ ತಿಳಿಯಲಿಲ್ಲ.

ಮೊನ್ನೆ ಶುಕ್ರವಾರ ಟೀಚರೂ ಬಂದು ಕೂತಿದ್ದರು. ಬಹಳ ಹೊತ್ತಾದ ಮೇಲೆ ಗುಬ್ಬಿ ನೆಲ ನೋಡುತ್ತ, "ಮೇಡಂ, ಇನ್ಮೇಲೆ ಬೋರ್ಡ್ ಕಡೆ ತಿರುಗಿ ಬರೀರಿ. ಸದ್ದು ಮಾಡಲ್ಲ" ಎಂದ. ಆಕೆ "ನೋಡೋಣ" ಎಂದರು, ಅಷ್ಟೇ. ನಿನ್ನೆಯೂ ಓರೆಯಾಗಿಯೇ ಬರೆದರಂತೆ. ಇವನು ಬಂದು, ನಾನು ಹೇಳಿದರೂ ನಂಬಲಿಲ್ಲ ಎಂದು ಮುಖ ಊದಿಸಿಕೊಂಡ. ಸಮಾಧಾನ ಮಾಡಬೇಕೋ, ಅನುಭವಿಸು ಎನ್ನಬೇಕೋ, ನೀನೇ ಹೇಳು.

ಅವನಿಗೊಂದು ಕಾಗದ ಬರಿ. ಬುದ್ಧಿ ಹೇಳಬೇಡ, ನಿನ್ನ ಆಸ್ಪತ್ರೆಯ ಸುದ್ದಿ ಬರೆದರೆ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದ ರೋಗಿಗಳೆಲ್ಲ ಎದ್ದು ನಡೆದು ಮನೆಗೆ ಹೋಗಲಿ.

ಇಂತಿ,
ನಿನ್ನ ಅಪ್ಪ

ಮಡಿಸುವ ಮೊದಲು ಇನ್ನೊಂದು ಮಾತು: ಜೂನಿನಲ್ಲಿ ಗಾರ್ಮೆಂಟ್ಸಿನಲ್ಲಿ ನಮ್ಮ ಹೊಲಿಗೆ ಲೈನಿಗೆ ಹೊಸ ಸೂಪರ್‌ವೈಸರ್ ಬಂದಳು. ಮೆಷಿನ್ನಿಗೆ ದಾರ ಹಾಕುವುದನ್ನು ನಾನೇ ಕಲಿಸಿದ್ದ ಹುಡುಗಿ. ಒಂದು ದಿನ ಎಲ್ಲರೆದುರು ನನ್ನ ತಪ್ಪು ತೋರಿಸಿದಳು. ತಪ್ಪು ನನ್ನದೇ. ಮನೆಗೆ ಬಂದು ತಟ್ಟೆ ಮುಟ್ಟದೆ ಕೂತಿದ್ದೆ. ಗುಬ್ಬಿ ಪಕ್ಕದಲ್ಲಿ ಬಂದು ಕೂತು, "ಹೆಂಗಸರಿಗೆ ಅಧಿಕಾರ ಕೊಟ್ರೆ ಹೀಗೇ ಆಗೋದಪ್ಪಾ" ಎಂದ. ಗದರಬೇಕಿತ್ತು. ನನಗೆ ಹಾಯೆನಿಸಿತು. ಅವನ ತಲೆ ಸವರಿದೆ. ದವಡೆ ನೋವಿಗೂ ಮೊದಲಿನ ಮಾತಿದು. ಶುಕ್ರವಾರದ ಸಭೆಯಲ್ಲಿ ನಾನಿದನ್ನು ಹೇಳಿಲ್ಲ, ನಿನ್ನ ಅಮ್ಮನಿಗೂ ಹೇಳಿಲ್ಲ. ಅವನೂ ಹೇಳಿಲ್ಲ ಮಗಳೇ. ಅಷ್ಟು ಜನರ ಎದುರು ನನ್ನನ್ನು ಬಿಟ್ಟುಕೊಟ್ಟಿಲ್ಲ.