ಅರಿಷಿಣದ ಮುಖ

ಮನಗೂಳಿ
೧೨ ಜುಲೈ ೧೯೯೮

ನಮ್ಮ ಜಯಾಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆದೆನೆಂದು ತಿಳಿ.

ನಿನ್ನ ಪತ್ರ ಬಂದಾಗ ನಾನೂ ತವರಲ್ಲೇ ಇದ್ದೆ. ಪುಣೆಯಲ್ಲಿ ಫ್ರೆಂಚ್ ಕಲಿಯುತ್ತ ‘ಅಮಾದುವೆ’ ಎಂಬ ಒಂದೇ ಕ್ರಿಯಾಪದದ ಮೇಲೆ ಎರಡು ಪುಟ ತುಂಬಿಸಿದ್ದೀಯಲ್ಲ ತಾಯಿ! ಗಟ್ಟಿ ಮನಸ್ಸನ್ನು ಒಲಿಸಿ ಮೆತ್ತಗೆ ಮಾಡುವುದಂತೆ. ‘ಅಮಾದು’ ಎಂದರೆ ಚಕಮಕಿಯ ಕಿಡಿ ಹಿಡಿಯಲು ಮರದ ಅಣಬೆಯಿಂದ ಮಾಡಿದ ಮೆತ್ತನೆಯ ಅರಳೆ. ಅದಕ್ಕೂ ಹಿಂದೆ ಆ ಶಬ್ದಕ್ಕೆ ‘ಪ್ರೇಮಿ’ ಎಂಬ ಅರ್ಥವಂತೆ, ಬೇಗ ಹೊತ್ತಿಕೊಳ್ಳುವವನು. ಕೊನೆಗೆ, ಅಪ್ಪನನ್ನೂ ಹೀಗೇ ಮೆತ್ತಗೆ ಮಾಡು ಅಕ್ಕಾ, ಈ ನಾಗರಪಂಚಮಿಗಾದರೂ ನನ್ನನ್ನು ಕರೆಯಲು ಅಣ್ಣ ಸಂಗಮೇಶನನ್ನು ಕಳಿಸಲಿ ಎಂದಿದ್ದೀ. ಜಾತಿ ಬಿಟ್ಟು ಮದುವೆಯಾದವಳು ನೀನು. ಅಣ್ಣ ಕರೆಯದೆ ಹೊಸ್ತಿಲು ತುಳಿಯಲಾರೆ ಎಂಬುದು ನಿನ್ನ ಹಟ, ಕಳಿಸುವುದಿಲ್ಲ ಎಂಬುದು ಅಪ್ಪನದು. ಇಬ್ಬರೂ ಒಂದೇ ಹಿಟ್ಟಿನ ರೊಟ್ಟಿ.

ಅವ್ವ ಪತ್ರವನ್ನು ನನ್ನಿಂದ ಓದಿಸಿದಳು. ಹಿಂದೆ ಆ ದೇಶದ ಭಿಕ್ಷುಕರು ಮುಖಕ್ಕೆ ‘ಅಮಾದು’ ಎಂಬುದೇನನ್ನೋ ಬಳಿದು, ರೋಗಿಗಳಂತೆ ಹಳದಿಯಾಗಿ ಜನರ ಕರುಳು ಕರಗಿಸುತ್ತಿದ್ದರು, ಶಬ್ದ ಹುಟ್ಟಿದ್ದು ಅಲ್ಲಿಂದ ಎನ್ನುವವರೂ ಇದ್ದಾರೆ ಎಂದು ಬರೆದಿದ್ದೆಯಲ್ಲ, ಅಲ್ಲಿ ತಡೆದು ಮತ್ತೊಮ್ಮೆ ಓದಿಸಿದಳು. ಮರುದಿನ ಅರಿಷಿಣ ಹಚ್ಚಿಕೊಂಡು, ಕೌದಿ ಹೊದ್ದು ಮಲಗಿಬಿಟ್ಟಳು! ನನಗೆ ಕಣ್ಣು ಬೇರೆ ಹೊಡೆದಳು.

ಅಪ್ಪ ಹೊಲದಿಂದ ಓಡಿ ಬಂದ. ‘ಜಯಾನ್ನ ಕರಸ್ರಿ, ಕಣ್ತುಂಬ ನೋಡಿ ಹೋಗ್ತೇನಿ’ ಎಂದು ಅವ್ವ ನರಳಿದಳು. ಜಯಾ, ಅಪ್ಪನ ಕಣ್ಣಲ್ಲಿ ನೀರು ಬಂತು. ‘ಸಂಗ್ಯಾ, ನಾಳಿ ಬಸ್ಸಿಗೆ ಪುಣೆಕ್ಕ ಹೋಗು’ ಎಂದೇಬಿಟ್ಟ. ಅಷ್ಟರಲ್ಲಿ ಅವ್ವನ ಹಣೆಯ ಬೆವರನ್ನು ಧೋತರದ ಸೆರಗಿನಿಂದ ಒರೆಸಿದ. ಬಿಳಿ ಧೋತರ ಹಳದಿಯಾಯಿತು.

‘ಸಾಯೂದನ್ನೂ ಆಟ ಮಾಡಿದ್ಯಾ? ಇನ್ನ ಆಕಿ ಹೆಸರ ಈ ಮನ್ಯಾಗ ಎತ್ತಬ್ಯಾಡ’ ಎಂದ. ಅಂದಿನಿಂದ ಅವ್ವನೊಡನೆ ಮಾತಿಲ್ಲ.

ನನಗೆ ಸಿಟ್ಟು ಬರುತ್ತದೆ, ಅಪ್ಪನ ಮೇಲೆ, ಅವ್ವನ ಮೇಲೆ, ನಿನ್ನ ಆ ಹಾಳು ಶಬ್ದದ ಮೇಲೆ. ಕಲ್ಲು ಕರಗೀತು, ಅಪ್ಪ ಕರಗಲಾರ. ಪಂಚಮಿಯ ಆಸೆ ಬಿಡು.

ನಿನ್ನ ಅಕ್ಕ,
ವಿದ್ಯಾವತಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಅಂದೇ ಅವ್ವನ ಮುಖ ತೊಳೆಸಿದೆ. ಕಣ್ಣಿನ ಹಳದಿ ಹೋಗಲಿಲ್ಲ. ಲಿವರ್ ಪೂರ್ತಿ ಕೆಟ್ಟಿದೆ, ಬಹಳ ತಡವಾಯಿತು ಎಂದು ಬಾಗೇವಾಡಿಯ ಡಾಕ್ಟರು ಅಂದರು. ಅಪ್ಪ ನಂಬುವುದಿಲ್ಲ, ‘ಡಾಕ್ಟರಗೂ ಹೇಳಿಕೊಟ್ಟೀರೇನು’ ಅನ್ನುತ್ತಾನೆ. ಅವ್ವ ಪಂಚಮಿಯವರೆಗೆ ಇರಲಾರಳು. ಕರೆಯಲು ಯಾರೂ ಬರುವುದಿಲ್ಲ. ನೀನೇ ಬಾ.