ಮಟ್ಟ ಮಾಡಿದ ಪಾರ್ಕು

ತಂಗೀ,

ಇವತ್ತು ನಿನ್ನ ಸೈಕಲ್ ಪಾರ್ಕಿನ ಉದ್ಘಾಟನೆ. ಹೊಸ ಬೇಲಿ, ಕೆಂಪು ರಿಬ್ಬನ್ನು, ಸೈಕಲ್ ಹಿಡಿದ ಮಕ್ಕಳ ದಂಡು. ರಂಗ ಸಜ್ಜಾಗಿತ್ತು ಅಂದುಕೋ. ಒಳಗೆ ಕಾಲಿಟ್ಟರೆ ಒಂದೂ ದಿಬ್ಬವಿಲ್ಲ. ಸೈಕಲ್ಲು ಅಲೆಯ ಮೇಲೆ ತೇಲಿದಂತೆ ಏರಿಳಿಯಬೇಕೆಂದು, ಆಸ್ಪತ್ರೆಯಿಂದ ಬಂದ ಮೇಲೂ ನೀನು ಸನಿಕೆ ಹಿಡಿದು, ಮಣ್ಣು ತಟ್ಟಿ ತಟ್ಟಿ ಎಬ್ಬಿಸಿದ ದಿಬ್ಬಗಳೆಲ್ಲ ಮಾಯ.

"ಇಲ್ಲಿದ್ದ ದಿಬ್ಬಗಳೆಲ್ಲಿ ಸಾರ್?" ಎಂದೆ.

"ಯಾವ್ದು, ಆ ಮಣ್ಣಿನ ಗುಡ್ಡೆಗಳಾ?" ನಗರಸಭೆಯ ಇಂಜಿನಿಯರು ನಕ್ಕರು. "ಕೆಲಸದವರು ಹಂಗೇ ಬಿಟ್ಟು ಹೋಗಿದ್ರು ನೋಡಿ. ನಿನ್ನೆ ಬುಲ್ಡೋಜರ್ ತರಿಸಿ, ನಾನೇ ನಿಂತು ಮಟ್ಟ ಮಾಡಿಸ್ದೆ. ತೀರ್ಕೊಂಡ ನಿಮ್ಮ ತಂಗಿ ಹೆಸರಿನ ಪಾರ್ಕು, ಚೊಕ್ಕಟವಾಗಿರ್ಬೇಕಲ್ವಾ?"

ಆ ಮನುಷ್ಯನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ ಕಣೇ. ಬೈಯೋಣವೆಂದರೆ ಮನಸ್ಸು ಬರಲಿಲ್ಲ. ಮಕ್ಕಳು ಆ ಬಯಲಲ್ಲಿ ಎರಡು ಸುತ್ತು ಹೊಡೆದು, ಬೇಸರ ಬಂದು, ಮತ್ತೆ ಲಾರಿಗಳು ಓಡಾಡುವ ರಸ್ತೆಗೇ ಸೈಕಲ್ ತಿರುಗಿಸಿದರು.

ಆಮೇಲೆ ನನ್ನ ಕೈಗೆ ಮೈಕು ಕೊಟ್ಟರು. ಮೈಕಿಲ್ಲದೆಯೇ ಕೊನೆಯ ಸಾಲಿಗೂ ಕೇಳಿಸುವ ನಾಟಕದವನ ಗಂಟಲಲ್ಲವೇ ನನ್ನದು? ಬೇಲಿಯಾಚೆಗೂ ಕೇಳುವಂತೆ ಇಂಜಿನಿಯರರಿಗೆ ಧನ್ಯವಾದ ಹೇಳಿದೆ, ನಿನ್ನ ಪರವಾಗಿ.

ನಿನ್ನ ಅಣ್ಣ